ಜ್ವರ ಬಿಟ್ಟ ಮೇಲೆ ಬಾಯಾರಿಕೆ ಬಂದರೆ: ಆರೋಗ್ಯಾಧಿಕಾರಿಗಳಿಗೆ ಔಷಧ ಅಂಗಡಿಯವನೊಬ್ಬನ ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,

ಮಾನ್ಯರೇ,

ಬ್ರಹ್ಮಾವರದಿಂದ ಹೆಬ್ರಿಗೆ ಹೋಗುವ ರಸ್ತೆಯಲ್ಲಿ, ಬಸ್ ನಿಲ್ಲುವ ಜಾಗದ ಎದುರು ನನ್ನದೊಂದು ಔಷಧ ಅಂಗಡಿ ಇದೆ. 26 ವರ್ಷಗಳಿಂದ ಅದೇ ಮೇಜಿನ ಹಿಂದೆ ನಿಂತಿದ್ದೇನೆ. ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ 9 ವರ್ಷದ ಹುಡುಗನೊಬ್ಬನಿಗಾಗಿ ಆರೇ ದಿನಗಳಲ್ಲಿ ಗ್ಲೂಕೋಸ್ ಪುಡಿಯ ಎರಡು ದೊಡ್ಡ ಪೊಟ್ಟಣಗಳನ್ನು ಆ ಮೇಜಿನ ಮೇಲಿಂದ ಮಾರಿದೆ. ಆ ಹುಡುಗನ ರಕ್ತದಲ್ಲಿ ಆಗಲೇ ಸಕ್ಕರೆ ಉಕ್ಕುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ, ಅವನ ಅಪ್ಪನಿಗೆ ಗೊತ್ತಿರಲಿಲ್ಲ, ಔಷಧ ಬರೆದುಕೊಟ್ಟ ವೈದ್ಯರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಬೇಕಾದ ಯಂತ್ರ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅಂದಿನಿಂದ ನನಗೆ ಸಮಾಧಾನವಿಲ್ಲ, ಅದಕ್ಕೇ ಈ ಪತ್ರ.

ಹುಡುಗನ ತಂದೆ ತಾಯಿಯ ಒಪ್ಪಿಗೆ ಪಡೆದೇ ನಡೆದದ್ದನ್ನು ಹೇಳುತ್ತಿದ್ದೇನೆ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಬರೆಯುವುದಿಲ್ಲ. ಯಾರ ಮೇಲೂ ದೂರು ಹೊರಿಸುವ ಉದ್ದೇಶ ನನಗಿಲ್ಲ.

ಆ ಮಳೆಗಾಲದಲ್ಲಿ ಶಾಲೆಯ ಅರ್ಧಕ್ಕರ್ಧ ಮಕ್ಕಳು ಜ್ವರ ಹಿಡಿದು ಮಲಗಿದ್ದರು. ನಾಲ್ಕನೇ ತರಗತಿಯ ಈ ಹುಡುಗನಿಗೂ ಬಂತು. ಶೀತ, ಗಂಟಲು ನೋವು, ಮೈಕೈ ನೋವು. ಡೆಂಗಿ ಇರಬಹುದೇ ಎಂದು ಪರೀಕ್ಷೆ ಮಾಡಿಸಿದರು, ಇರಲಿಲ್ಲ. ವೈರಲ್ ಜ್ವರ ಎಂದರು, ಪ್ಯಾರಸಿಟಮಾಲ್ ಕೊಟ್ಟರು, ಐದನೇ ದಿನಕ್ಕೆ ಬಿಟ್ಟಿತು. ಮನೆಯವರು ನಿರಾಳರಾದರು.

ಹತ್ತು ಹನ್ನೆರಡು ದಿನ ಕಳೆದು ಬಾಯಾರಿಕೆ ಶುರುವಾಯಿತು. ಹುಡುಗ ಚೆಂಬು ಚೆಂಬು ನೀರು ಕುಡಿಯತೊಡಗಿದ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು, ಅದೂ ಮರಳಿ ಬಂತು. ಜ್ವರದಲ್ಲಿ ಸೊರಗಿದ ಮಗು ಎಂದು ಅಜ್ಜಿ ಬೊಂಡ (ಎಳನೀರು) ಕೆತ್ತಿಸಿ ಕೊಟ್ಟರು, ಬೆಲ್ಲದ ಪಾನಕ ಮಾಡಿದರು. ಅಪ್ಪ ನನ್ನ ಅಂಗಡಿಗೆ ಬಂದು ಗ್ಲೂಕೋಸ್ ಪುಡಿ ಒಯ್ದರು. ಜ್ವರದಿಂದ ಎದ್ದ ಮಗುವಿಗೆ ನಮ್ಮ ಕಡೆಯವರು ಪ್ರೀತಿ ತೋರಿಸುವುದೇ ಹೀಗೆ: ಗಂಜಿ, ಬೊಂಡ, ಪಾನಕ, ಗ್ಲೂಕೋಸ್. ಆದರೆ ಇವನಿಗೆ ಕುಡಿದಷ್ಟೂ ಬಾಯಾರಿಕೆ ಹೆಚ್ಚಿತು.

ತಾಯಿ ಆಮೇಲೊಮ್ಮೆ ನನ್ನೊಡನೆ ಹೇಳಿದ ಮಾತು ಮನಸ್ಸಿನಿಂದ ಹೋಗಿಲ್ಲ. "ಬಚ್ಚಲಿನ ಮೂಲೆಯಲ್ಲಿ ಇರುವೆ ಸಾಲು ಕಟ್ಟಿತ್ತು ಅಣ್ಣ. ಮಳೆಗಾಲದಲ್ಲಿ ಇರುವೆ ಒಳಗೆ ಬರುವುದು ಇದ್ದದ್ದೇ ಎಂದು ನೀರು ಹೊಯ್ದು ತೊಳೆದೆ. ಮರುದಿನವೂ ಅದೇ ಜಾಗಕ್ಕೆ ಬಂದಿದ್ದವು. ಅದರ ಮರುದಿನವೂ." ಹಿರಿಯರು ಈ ಕಾಯಿಲೆಗೆ ಸಿಹಿಮೂತ್ರ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ರಕ್ತದ ಸಕ್ಕರೆ ಒಂದು ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿತೆಂದರೆ ಮೂತ್ರಪಿಂಡಕ್ಕೆ ಅದನ್ನು ತಡೆದಿಟ್ಟುಕೊಳ್ಳಲು ಆಗುವುದಿಲ್ಲ. ಸಕ್ಕರೆ ಹೊರಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೈ ಒಣಗುತ್ತದೆ, ಬಾಯಿ ಒಣಗುತ್ತದೆ. ಮಗು ನೀರು ಕೇಳುತ್ತದೆ. ನಾವು ಸಿಹಿ ನೀರು ಕೊಡುತ್ತೇವೆ.

ಅಪ್ಪ ಮೂರನೆಯ ಸಲ ಬಂದಾಗ ಕೈಯಲ್ಲಿ ವೈದ್ಯರ ಚೀಟಿ ಇತ್ತು. ವಾಂತಿಗೊಂದು ಸಿರಪ್, ಗ್ಯಾಸ್ಟ್ರಿಕ್‌ಗೊಂದು ಸಿರಪ್, ಓಆರ್‌ಎಸ್. "ಹೊಟ್ಟೆನೋವು ಎನ್ನುತ್ತಾನೆ. ಜ್ವರದ ನಿಶ್ಶಕ್ತಿ ಇನ್ನೂ ಹೋಗಿಲ್ಲ. ಶಾಲೆಯ ಅಂಗಿ ಹೆಗಲಿನಿಂದ ಜಾರುತ್ತಿದೆ ಅಣ್ಣ" ಎಂದರು. ಅಂಗಿ ಜಾರುವಷ್ಟು ಎರಡೇ ವಾರದಲ್ಲಿ ಮಗು ಇಳಿದಿದೆ ಎಂದರೆ ಅದು ಜ್ವರದ ನಿಶ್ಶಕ್ತಿಯಲ್ಲ ಎಂದು ಇಷ್ಟು ವರ್ಷ ಔಷಧ ಮಾರಿದ ನನಗೆ ಹೊಳೆಯಬೇಕಿತ್ತು. ಸಿರಪ್ ಕೊಟ್ಟೆ, ಚಿಲ್ಲರೆ ಎಣಿಸಿಕೊಟ್ಟೆ. "ನೀರು ಎಷ್ಟು ಕುಡಿಯುತ್ತಾನೆ?" ಎಂದು ಕೇಳಲಿಲ್ಲ.

ಅಂದು ರಾತ್ರಿ ಹುಡುಗ ಮಲಗಿದಲ್ಲೇ, ಗುಡ್ಡ ಹತ್ತಿ ಓಡಿ ಬಂದವನಂತೆ ಆಳವಾಗಿ ಉಸಿರಾಡತೊಡಗಿದ. ಬಾಯಿಯಿಂದ ಅತಿಯಾಗಿ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ಕರೆದರೆ ಕಣ್ಣು ಬಿಡುತ್ತಿದ್ದ, ಮಾತಿಲ್ಲ. 108ಕ್ಕೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ನರ್ಸ್ ಎಲ್ಲಕ್ಕಿಂತ ಮೊದಲು ಬೆರಳು ಚುಚ್ಚಿ ನೋಡಿದರು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, 'ಹೈ' ಎಂದಷ್ಟೇ ಬಂತು. ಇಂಥ ಹಲವು ಯಂತ್ರಗಳು 600 ದಾಟಿದರೆ ಅಂಕಿ ತೋರಿಸುವುದಿಲ್ಲ. ನಾಲ್ಕು ದಿನ ತೀವ್ರ ನಿಗಾ ಘಟಕದಲ್ಲಿದ್ದ. ಉಳಿದುಕೊಂಡ.

ಅವನಿಗೆ ಬಂದದ್ದು ಟೈಪ್ 1 ಮಧುಮೇಹ. ಮಧುಮೇಹವೆಂದರೆ ಹೊಟ್ಟೆ ಬಂದ, ನಡುವಯಸ್ಸು ದಾಟಿದ, ಸಿಹಿ ಹೆಚ್ಚು ತಿನ್ನುವವರ ಕಾಯಿಲೆ ಎಂದು ನಮ್ಮೂರಿನಲ್ಲಿ ಎಲ್ಲರೂ ತಿಳಿದಿದ್ದಾರೆ. ಅದು ಟೈಪ್ 2, ಇದು ಅದಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ರಕ್ತದ ತುಂಬ ಸಕ್ಕರೆ ಇದ್ದರೂ ಜೀವಕೋಶಗಳು ಉಪವಾಸ. ದೇಹ ಕೊಬ್ಬನ್ನು ಕರಗಿಸಿ ಉರಿಸುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ಹುಟ್ಟಿ ರಕ್ತವೇ ಹುಳಿಯಾಗುತ್ತದೆ. ವಾಂತಿ, ಹೊಟ್ಟೆನೋವು, ಹಣ್ಣಿನ ವಾಸನೆ ಎಲ್ಲ ಅದರಿಂದಲೇ. ಆ ಆಮ್ಲದ ಭಾರ ಇಳಿಸಲು ಶ್ವಾಸಕೋಶ ದುಡಿಯುವುದರಿಂದ ಉಸಿರು ಹಾಗೆ ಏಳುತ್ತದೆ. ಈ ಉಸಿರನ್ನು ನ್ಯುಮೋನಿಯಾ ಎಂದೂ, ಹೊಟ್ಟೆನೋವನ್ನು ಅಪೆಂಡಿಸೈಟಿಸ್ ಎಂದೂ, ವಾಂತಿಯನ್ನು ಗ್ಯಾಸ್ಟ್ರಿಕ್ ಎಂದೂ ತಿಳಿಯುವುದು ಸುಲಭ. ಮಳೆಗಾಲದಲ್ಲಿ, ಜ್ವರದ ಬೆನ್ನಿಗೇ ಬಂದರೆ ಇನ್ನೂ ಸುಲಭ.

ಜ್ವರಕ್ಕೂ ಮಧುಮೇಹಕ್ಕೂ ಏನು ನಂಟು ಎಂದು ಆ ತಂದೆ ಕೇಳಿದರು. ಅದಾದ ಮೇಲೆ ನಾನೂ ರಾತ್ರಿ ಕುಳಿತು ಓದಿದೆ. ಇದು ಇಂದು ನಿನ್ನೆ ಎದ್ದ ಪ್ರಶ್ನೆಯಲ್ಲ. 1864ರಲ್ಲೇ ನಾರ್ವೆಯ ವೈದ್ಯರೊಬ್ಬರು ಮಂಗನಬಾವಿನ ಬೆನ್ನಿಗೆ ಮಧುಮೇಹ ಬಂದ ರೋಗಿಯೊಬ್ಬರ ಬಗ್ಗೆ ಬರೆದಿಟ್ಟಿದ್ದಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗ ರುಬೆಲ್ಲಾ ತಗಲಿದ ಮಕ್ಕಳಲ್ಲಿ ಮುಂದೆ ಮಧುಮೇಹ ಹೆಚ್ಚಾಗಿ ಕಂಡಿತು. 1979ರಲ್ಲಿ ಅಮೆರಿಕದಲ್ಲಿ, ಜ್ವರದಂತಹ ಕಾಯಿಲೆಯಾದ ಕೆಲವೇ ದಿನಗಳಲ್ಲಿ ಕೀಟೋನ್ ವಿಷಮಿಸಿ ತೀರಿಕೊಂಡ 10 ವರ್ಷದ ಹುಡುಗನ ಮೇದೋಜೀರಕ ಗ್ರಂಥಿಯಿಂದ ಕಾಕ್ಸಾಕಿ ಬಿ4 ಎಂಬ ವೈರಾಣುವನ್ನು ಹೊರತೆಗೆದರು. ವಂಶವಾಹಿಯಲ್ಲಿ ಅಪಾಯವಿದ್ದ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದ ಟೆಡ್ಡಿ ಎಂಬ ಅಂತರರಾಷ್ಟ್ರೀಯ ಅಧ್ಯಯನ, ಈ ಕಾಕ್ಸಾಕಿಯೂ ಸೇರುವ ಎಂಟೆರೋವೈರಸ್ ಬಿ ಗುಂಪಿನ ಸೋಂಕು ದೀರ್ಘಕಾಲ ಮೈಯಲ್ಲಿ ಉಳಿದ ಮಕ್ಕಳಲ್ಲಿ ಬೀಟಾ ಕೋಶಗಳ ಮೇಲಿನ ದಾಳಿ ಹೆಚ್ಚು ಎಂದು 2019ರಲ್ಲಿ ತೋರಿಸಿತು.

ಹಾಗೆಂದು ಆ ಒಂದು ವಾರದ ಜ್ವರವೇ ಎಲ್ಲವನ್ನೂ ಮಾಡಿತು ಎನ್ನಲು ಬರುವುದಿಲ್ಲ. ಟೈಪ್ 1 ಮಧುಮೇಹ ಕಾಣಿಸಿಕೊಳ್ಳುವ ತಿಂಗಳುಗಳ ಮೊದಲೇ, ಎಷ್ಟೋ ಸಲ ವರ್ಷಗಳ ಮೊದಲೇ, ಒಳಗೆ ದಾಳಿ ಶುರುವಾಗಿರುತ್ತದೆ. ಅಳಿದುಳಿದ ಕೋಶಗಳು ಹೇಗೋ ನಿಭಾಯಿಸುತ್ತಿರುತ್ತವೆ. ಜ್ವರ ಬಂದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚು ಬೇಕು, ಅವುಗಳಿಂದ ಆಗುವುದಿಲ್ಲ, ಕುಸಿಯುತ್ತವೆ. ಗೆದ್ದಲು ತಿಂದ ಛಾವಣಿಯ ಪಕ್ಕಾಸು ಮೊದಲ ಜೋರು ಮಳೆಗೆ ಮುರಿದುಬಿದ್ದ ಹಾಗೆ. ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಆ ತಾಯಿ ಈಗಲೂ ತನ್ನನ್ನೇ ಬೈದುಕೊಳ್ಳುತ್ತಾರೆ: ಮಳೆಯಲ್ಲಿ ನೆನೆಯಲು ಬಿಟ್ಟೆ, ಚಾಕೊಲೇಟ್ ಕೊಟ್ಟೆ ಎಂದು. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಸಿದ್ದೆವಲ್ಲ, ಆದರೂ ಹೀಗಾಯಿತೇ ಎಂದು ಅಜ್ಜಿ ಕೊರಗುತ್ತಾರೆ. ಅಮ್ಮ, ಅಜ್ಜಿ, ಇದು ನಿಮ್ಮಿಂದ ಆದದ್ದಲ್ಲ. ಮಳೆಯಿಂದಲೂ ಅಲ್ಲ, ಮಿಠಾಯಿಯಿಂದಲೂ ಅಲ್ಲ.

ಇದು ಮಕ್ಕಳ ಮಾತಷ್ಟೇ ಅಲ್ಲ. ಕೋವಿಡ್ ಬಂದಾಗ ದೊಡ್ಡವರಲ್ಲೂ ಇದನ್ನೇ ಕಂಡೆವು. ಕೋವಿಡ್ ರೋಗಿಗಳಲ್ಲಿ ಹೊಸದಾಗಿ ಮಧುಮೇಹ ಕಾಣಿಸಿಕೊಳ್ಳುತ್ತಿದೆ ಎಂದು 2020ರ ಜೂನ್‌ನಲ್ಲೇ ತಜ್ಞರು ಎಚ್ಚರಿಸಿ, ಅಂಥವರ ದಾಖಲೆಗೆಂದೇ ಒಂದು ಜಾಗತಿಕ ನೋಂದಣಿ ತೆರೆದರು. 2022ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 18 ವರ್ಷದೊಳಗಿನವರ ವಿಮಾ ದಾಖಲೆಗಳ ಎರಡು ಸಂಗ್ರಹಗಳನ್ನು ಪರಿಶೀಲಿಸಿತು. ಕೋವಿಡ್ ಬಂದ ಮಕ್ಕಳಲ್ಲಿ ಹೊಸ ಮಧುಮೇಹ ಒಂದು ಸಂಗ್ರಹದಲ್ಲಿ ಶೇ 166ರಷ್ಟು, ಇನ್ನೊಂದರಲ್ಲಿ ಶೇ 31ರಷ್ಟು ಹೆಚ್ಚಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಅಲ್ಲಿನ ಮಾಜಿ ಸೈನಿಕರ ದಾಖಲೆಗಳ ಅಧ್ಯಯನವೊಂದು ಪ್ರಕಟವಾಯಿತು. ಕೋವಿಡ್‌ನಿಂದ ಗುಣವಾದವರಲ್ಲಿ ಒಂದು ವರ್ಷದೊಳಗೆ ಮಧುಮೇಹ ಬರುವ ಅಪಾಯ ಉಳಿದವರಿಗಿಂತ ಶೇ 40ರಷ್ಟು ಹೆಚ್ಚು, ಸಾವಿರ ಜನರಲ್ಲಿ 13ರಿಂದ 14 ಮಂದಿ ಹೆಚ್ಚುವರಿ ಮಧುಮೇಹಿಗಳು. ಅವರಲ್ಲಿ ಬಹುಪಾಲು ವಯಸ್ಸಾದ ಗಂಡಸರು, ಬಂದದ್ದು ಬಹುಪಾಲು ಟೈಪ್ 2.

ಇದರಲ್ಲಿ ವೈರಾಣುವಿನ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಕಾಯಿಲೆಯ ಒತ್ತಡದಲ್ಲಿ ಯಾರಿಗಾದರೂ ಸಕ್ಕರೆ ಏರುತ್ತದೆ. ಕೋವಿಡ್‌ಗೆ ಕೊಟ್ಟ ಡೆಕ್ಸಾಮೆಥಾಸೋನ್‌ನಂತಹ ಸ್ಟೆರಾಯ್ಡ್ ಜೀವ ಉಳಿಸಿತು, ಜೊತೆಗೆ ಸಕ್ಕರೆಯನ್ನೂ ಏರಿಸಿತು. ಮೊದಲೇ ಮಧುಮೇಹವಿದ್ದು ಗೊತ್ತಿಲ್ಲದವರು ಆಸ್ಪತ್ರೆಗೆ ಬಂದ ಕಾರಣಕ್ಕೇ ಪತ್ತೆಯಾದರು. 2021ರಲ್ಲಿ ಕಪ್ಪು ಶಿಲೀಂಧ್ರ ನಮ್ಮ ರಾಜ್ಯವನ್ನು ನಡುಗಿಸಿದಾಗ ಏರಿದ ಸಕ್ಕರೆಯೂ ಸ್ಟೆರಾಯ್ಡೂ ಕೂಡಿದರೆ ಏನಾಗುತ್ತದೆ ಎಂದು ಎಲ್ಲರೂ ಕಂಡರು. ನನ್ನ ಅಂಗಡಿಗೆ ಬರುವ ಇಬ್ಬರ ಸಂಗತಿಯನ್ನೇ ಹೇಳುತ್ತೇನೆ. ಇಬ್ಬರಿಗೂ ಆ ವರ್ಷ ಕೋವಿಡ್ ಬಂದಿತ್ತು, ಇಬ್ಬರ ಸಕ್ಕರೆಯೂ ಆಸ್ಪತ್ರೆಯಲ್ಲಿದ್ದಾಗ 300 ದಾಟಿತ್ತು. ಒಬ್ಬರದು ನಾಲ್ಕು ತಿಂಗಳಲ್ಲಿ ಮಾಮೂಲಿಗೆ ಇಳಿಯಿತು, ಮಾತ್ರೆಯೂ ನಿಂತಿತು. ಇನ್ನೊಬ್ಬರು ಗಾರೆ ಕೆಲಸದ ಮೇಸ್ತ್ರಿ, ತೆಳ್ಳಗಿನ ಆಳು. ಮನೆಯಲ್ಲಿ ಯಾರಿಗೂ ಮಧುಮೇಹವಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಪರೀಕ್ಷಿಸಿಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಎಂಟು ತಿಂಗಳ ನಂತರ ಕಾಲಿನ ಗಾಯಕ್ಕೆ ಮುಲಾಮು ಕೇಳಿಕೊಂಡು ಬಂದರು. ಗಾಯ ಒಣಗದೆ ತಿಂಗಳಾಗಿತ್ತು.

ಚರ್ಚೆ ನಡೆಯಲಿ. ವಿಜ್ಞಾನಿಗಳ ಕೆಲಸ ಅದು. ಬೆರಳ ತುದಿಯ ಒಂದು ಹನಿ ರಕ್ತವನ್ನು ನೋಡಲು ಆ ಚರ್ಚೆ ಮುಗಿಯುವವರೆಗೆ ಕಾಯಬೇಕಿಲ್ಲ. ಐದು ಸೆಕೆಂಡು ಸಾಕು, ಪರೀಕ್ಷೆಯ ಒಂದು ಸ್ಟ್ರಿಪ್‌ಗೆ ನನ್ನ ಅಂಗಡಿಯಲ್ಲಿ 20 ರೂಪಾಯಿಯ ಆಸುಪಾಸು.

ಈಗ ನನ್ನ ಕೇಳಿಕೆ. ನಿಮ್ಮ ಉಪಕೇಂದ್ರಗಳಲ್ಲಿ ಈಗ ಗ್ಲುಕೋಮೀಟರ್ ಇದೆ. ಅದನ್ನು ಬಳಸಲು ಬಲ್ಲ ಸಿಬ್ಬಂದಿ ಇದ್ದಾರೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಹಳ್ಳಿ ಹಳ್ಳಿಯಲ್ಲೂ ಸಕ್ಕರೆ ಪರೀಕ್ಷೆ ನಡೆಯುತ್ತದೆ. ಆದರೆ ಆ ತಪಾಸಣೆ 30 ವರ್ಷ ತುಂಬಿದವರಿಗೆ. ಟೈಪ್ 2 ಪತ್ತೆಗೆ ಆ ಗೆರೆ ಸರಿಯೇ. ಆದರೆ ನಮ್ಮ ಹುಡುಗನಿಗೆ 9 ವರ್ಷ. ಆಶಾ ಕಾರ್ಯಕರ್ತೆ ಅವನ ಮನೆಗೆ ಹೋದರೂ ಯಂತ್ರ ಅಜ್ಜಿಯ ಬೆರಳಿಗೆ ತಾಗುತ್ತದೆ, ಪಕ್ಕದಲ್ಲೇ ಚೆಂಬು ಹಿಡಿದು ನಿಂತ ಮೊಮ್ಮಗನ ಬೆರಳಿಗೆ ತಾಗುವುದಿಲ್ಲ. ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದು ಹೃದಯ, ಕಿವಿ, ಹಲ್ಲು, ಚರ್ಮ, ರಕ್ತಹೀನತೆ ಎಲ್ಲವನ್ನೂ ನೋಡುತ್ತದೆ, ನೋಡಲೇಬೇಕು. ಆದರೆ ಎರಡೇ ವಾರಗಳಲ್ಲಿ ಬಂದು ಕೊರಳು ಹಿಡಿಯುವ ಕಾಯಿಲೆ ವರ್ಷಕ್ಕೊಮ್ಮೆಯ ತಪಾಸಣೆಗೆ ಸಿಕ್ಕುವುದಿಲ್ಲ.

ಎಲ್ಲ ಮಕ್ಕಳ ಬೆರಳನ್ನೂ ಚುಚ್ಚಿ ಎಂದು ನಾನು ಕೇಳುತ್ತಿಲ್ಲ. ಒಂದು ಸುತ್ತೋಲೆ ಕೇಳುತ್ತಿದ್ದೇನೆ. ಯಾವುದೇ ವಯಸ್ಸಿನವರಿರಲಿ, ಜ್ವರ ಬಂದು ಹೋದ ವಾರಗಳಲ್ಲಿ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ, ಕಾರಣ ಸಿಗದ ವಾಂತಿ ಅಥವಾ ಏದುಸಿರು, ಇವುಗಳಲ್ಲಿ ಒಂದನ್ನು ಹೇಳಿಕೊಂಡು ಬಂದರೂ ಬೆರಳ ರಕ್ತದ ಸಕ್ಕರೆ ನೋಡಿಯೇ ಮುಂದಿನ ಚಿಕಿತ್ಸೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಖಾಸಗಿ ಕ್ಲಿನಿಕ್‌ನಲ್ಲಿ, ಎಲ್ಲೆಡೆ. ಮುಖ್ಯವಾಗಿ ಡ್ರಿಪ್ ಹಾಕುವ ಮೊದಲು. "ಮಗು ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ" ಎಂದು ಕೇಳುವುದು ನಮ್ಮ ಜನರ ರೂಢಿ. ಆ ರೂಢಿಗೆ ಮಣಿದು ಪರೀಕ್ಷೆಯಿಲ್ಲದೆ ಹಾಕಿದ ಒಂದು ಬಾಟಲಿ ಇಂಥ ಮಗುವಿಗೆ ಎಷ್ಟು ಅಪಾಯ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಊಟದ ಹೊತ್ತು ಲೆಕ್ಕಿಸದೆ ನೋಡಿದ ಸಕ್ಕರೆ 200 ದಾಟಿದ್ದು ಈ ಲಕ್ಷಣಗಳೂ ಇದ್ದರೆ ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನದೆ ಅದೇ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯನ್ನೇ ನಂಬಿಯೂ ಕೂರಬಾರದು. ಜಪಾನಿನ ವೈದ್ಯರು 2000ದಲ್ಲಿ ವಿವರಿಸಿದ ಒಂದು ಬಗೆಯ ಟೈಪ್ 1ರಲ್ಲಿ ಶೀತಜ್ವರದಂತಹ ಲಕ್ಷಣ ಕಂಡ ಕೆಲವೇ ದಿನಗಳಲ್ಲಿ ಬೀಟಾ ಕೋಶಗಳು ನಾಶವಾಗುತ್ತವೆ, ಆಗ ಆ ಸರಾಸರಿ ಮಾಮೂಲಿನ ಹತ್ತಿರವೇ ಇರುತ್ತದೆ.

ನಮ್ಮ ಎರಡು ಜಿಲ್ಲೆಗಳಿಗೆ ಇದು ಎಟುಕದ ಸಂಗತಿಯಲ್ಲ. ಮಂಗಳೂರಿನಲ್ಲಿ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳು ಸಾಲಾಗಿವೆ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಬಂದಾಗ ಅದನ್ನು ಮೊದಲು ಪತ್ತೆ ಹಚ್ಚಿದ್ದು ಮಣಿಪಾಲದ ವೈರಾಣು ಪ್ರಯೋಗಾಲಯ. ದೂರದ ಊರಿನ ಹೊಸ ವೈರಾಣುವನ್ನು ಗುರುತಿಸಬಲ್ಲ ನಾಡಿನಲ್ಲಿ ಪಕ್ಕದ ಹಳ್ಳಿಯ ಮಗುವಿನ ಸಕ್ಕರೆ ಗೊತ್ತಾಗದೆ ಉಳಿಯಬಾರದು. ಇನ್ನೊಂದು ಮಾತೂ ಇಲ್ಲಿಯೇ ಹೇಳುತ್ತೇನೆ. ಹೊಸದಾಗಿ ಮಧುಮೇಹ ಪತ್ತೆಯಾದ ಪ್ರತಿಯೊಬ್ಬರಲ್ಲಿ, ಮಕ್ಕಳಾಗಲಿ ದೊಡ್ಡವರಾಗಲಿ, ಕಳೆದ ಮೂರು ತಿಂಗಳಲ್ಲಿ ಯಾವ ಜ್ವರ ಬಂದಿತ್ತು ಎಂದು ಕೇಳಿ ಬರೆದಿಡುವ ಒಂದು ಪುಸ್ತಕವನ್ನು ಎರಡೂ ಜಿಲ್ಲೆಗಳಲ್ಲಿ ಶುರುಮಾಡಿ. ಡೆಂಗಿ, ಇನ್‌ಫ್ಲುಯೆಂಜಾ, ಮಂಗನಬಾವು ಏನಿದ್ದರೂ ಬರೆಯಲಿ. ನಮ್ಮ ಮಕ್ಕಳ ಲೆಕ್ಕ ಅಮೆರಿಕದ ವಿಮಾ ದಾಖಲೆಯಲ್ಲಿ ಸಿಗುವುದಿಲ್ಲ.

ಪತ್ತೆಯಾದ ಮೇಲಿನ ದಿನಗಳ ಮಾತು ಬೇರೆಯೇ ಇದೆ. ಅದನ್ನು ನಾನು ಮೇಜಿನ ಈಚೆಯಿಂದ ಪ್ರತಿ ವಾರ ನೋಡುತ್ತೇನೆ.

ಆ ಹುಡುಗನಿಗೆ ದಿನಕ್ಕೆ ಸುಮಾರು 24 ಯೂನಿಟ್ ಇನ್ಸುಲಿನ್ ಬೇಕು. 400 ಯೂನಿಟ್‌ನ ಒಂದು ಬಾಟಲಿ 16 ದಿನ ಬರುತ್ತದೆ. ಇನ್ಸುಲಿನ್‌ಗಿಂತಲೂ ಸ್ಟ್ರಿಪ್ ಭಾರ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿದರೆ ತಿಂಗಳಿಗೆ 120 ಸ್ಟ್ರಿಪ್, ಎಂದರೆ 2,400 ರೂಪಾಯಿ. ಅಪ್ಪ ಆಟೋ ಓಡಿಸುತ್ತಾರೆ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಯಲ್ಲಿ ಮಲಗಿದಾಗ ಕೈಹಿಡಿಯುತ್ತದೆ, ಮನೆಯಲ್ಲಿ ಮುಗಿಯುವ ಸ್ಟ್ರಿಪ್‌ಗೆ ಅಲ್ಲ. ಹಾಗಾಗಿ ಅವರು ನಾಲ್ಕರ ಬದಲು ಎರಡು ಸಲ ನೋಡುತ್ತಾರೆ, ತಿಂಗಳ ಕೊನೆಯಲ್ಲಿ ಒಂದು ಸಲ. "ಇವತ್ತು ಅರ್ಧ ಡಬ್ಬಿ ಕೊಡುತ್ತೀರಾ ಅಣ್ಣ" ಎಂದು ತಲೆ ತಗ್ಗಿಸಿ ಕೇಳುತ್ತಾರೆ. ಪಕ್ಕದ ಕೇರಳ 'ಮಿಠಾಯಿ' ಎಂಬ ಯೋಜನೆಯಲ್ಲಿ ಟೈಪ್ 1 ಇರುವ ಮಕ್ಕಳಿಗೆ ಇನ್ಸುಲಿನ್ ಪೆನ್ನು, ಸಕ್ಕರೆ ಅಳೆಯುವ ಉಪಕರಣ, ಸಲಹೆ ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ. ತಲಪಾಡಿಯ ಗಡಿ ನಮ್ಮಿಂದ ಎರಡು ಗಂಟೆಯ ದಾರಿ. ಆಚೆ ಹುಟ್ಟಿದ ಮಗುವಿಗೆ ಸಿಗುವುದು ಈಚೆ ಹುಟ್ಟಿದ ಮಗುವಿಗೂ ಸಿಗಬೇಕು ಎಂದು ನೀವು ಸರ್ಕಾರಕ್ಕೆ ಬರೆಯಿರಿ. ನಿಮ್ಮ ಪತ್ರಕ್ಕೆ ಇರುವ ತೂಕ ನನ್ನ ಪತ್ರಕ್ಕಿಲ್ಲ.

ಮನೆಯವರಿಗೆ ಕೈಹಿಡಿದು ಕಲಿಸುವವರೂ ಬೇಕು. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಬರುತ್ತದೆ, ಒಂದು ಮಿಲಿಲೀಟರ್‌ಗೆ 40 ಯೂನಿಟ್, ಇಲ್ಲವೇ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 10 ಅಲ್ಲ, 25 ಯೂನಿಟ್. ಮಗುವಿನ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಕಳೆದ ದೀಪಾವಳಿ ಹೊತ್ತಿಗೆ ಒಬ್ಬರು ಬೇರೆ ಊರಿನಿಂದ ತಂದ ಬಾಟಲಿ ತೋರಿಸಿ ಕೆಂಪು ಮುಚ್ಚಳದ್ದೇ ಕೊಡಿ ಎಂದರು. ಬಾಟಲಿ ತಿರುಗಿಸಿ ನೋಡಿದೆ, 100 ಎಂದಿತ್ತು. ಎದೆ ಧಸಕ್ಕೆಂದಿತು.

ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಆ ಅಪ್ಪ ಬಾಟಲಿಯನ್ನು ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ನನ್ನ ಅಂಗಡಿಯ ಫ್ರಿಜ್ಜಿನಲ್ಲಿಡಲು ತಂದರು. ನನ್ನಲ್ಲೂ ಕರೆಂಟಿರಲಿಲ್ಲ. ಮಣ್ಣಿನ ಮಡಕೆಯೊಳಗೆ ಇಟ್ಟು, ಮಡಕೆಯನ್ನು ಒದ್ದೆ ಮರಳಿನಲ್ಲಿ ಕೂರಿಸಿ ಎಂದೆ. ತೆರೆದ ಬಾಟಲಿ ತಂಪು ಕೋಣೆಯಲ್ಲಿ 28 ದಿನ ಉಳಿಯುತ್ತದೆ, ಹೆದರಬೇಡಿ, ಆದರೆ ಕರೆಂಟು ಬಂದ ಖುಷಿಯಲ್ಲಿ ಮಂಜುಗಟ್ಟುವ ಅರೆಯಲ್ಲಿ ಇಡಬೇಡಿ, ಒಮ್ಮೆ ಗಡ್ಡೆ ಕಟ್ಟಿದರೆ ಬಿಸಾಡಬೇಕು ಎಂದೂ ಹೇಳಿದೆ. ಇದನ್ನೆಲ್ಲ ಹೇಳಲು ಪ್ರತಿ ತಾಲೂಕಿಗೆ ಒಬ್ಬ ತರಬೇತಾದ ನರ್ಸ್ ಇದ್ದರೆ ಸಾಕು. ಮುಂದಿನ ಜ್ವರಕ್ಕೆ ಏನು ಮಾಡಬೇಕು ಎಂಬುದನ್ನೂ ಅವರೇ ಹೇಳಬೇಕು. ಮಗು ಊಟ ಮಾಡುತ್ತಿಲ್ಲ ಎಂದು ಜ್ವರದಲ್ಲಿ ಇನ್ಸುಲಿನ್ ನಿಲ್ಲಿಸಿಬಿಡುವವರಿದ್ದಾರೆ. ನಿಲ್ಲಿಸಬಾರದು. ಜ್ವರದಲ್ಲಿ ಅದರ ಅಗತ್ಯ ಸಾಮಾನ್ಯವಾಗಿ ಹೆಚ್ಚುತ್ತದೆ, ಪ್ರಮಾಣವನ್ನು ವೈದ್ಯರನ್ನು ಕೇಳಿ ಹೊಂದಿಸಬೇಕು. ಚುಚ್ಚುಮದ್ದು ಬಿಟ್ಟು ಕಹಿ ಕಷಾಯ ಕೊಟ್ಟರಾಗದೇ ಎಂದು ಆ ಅಜ್ಜಿಯೂ ಕೇಳಿದ್ದರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು, ಅದಕ್ಕಿಂತ ಮೊದಲು ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ ಅಜ್ಜಿ ಎಂದೆ. ಅವರು ಆಮೇಲೆ ಆ ಮಾತು ಎತ್ತಲಿಲ್ಲ. ಈಗ ಮೊಮ್ಮಗನಿಗೆ ರಾತ್ರಿಯ ಚುಚ್ಚುಮದ್ದು ಕೊಡುವವರು ಅವರೇ.

ಶಾಲೆಯ ವಿಷಯವನ್ನು ಶಿಕ್ಷಣ ಇಲಾಖೆಯೊಡನೆ ಮಾತನಾಡಿ. ಇಂಥ ಮಕ್ಕಳಿಗೆ ತರಗತಿಯಲ್ಲಿ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಹೊತ್ತಿಗೆ ಸರಿಯಾಗಿ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ. ಸಕ್ಕರೆ 70ರ ಕೆಳಗಿಳಿದು ಮಗು ಬೆವರಿ ನಡುಗಿದರೆ ಏನು ಮಾಡಬೇಕೆಂದು ತರಗತಿಯ ಟೀಚರಿಗೆ ಗೊತ್ತಿರಬೇಕು. ನಾನು ಮಾರಿದ ಆ ಗ್ಲೂಕೋಸ್ ಪುಡಿ ಈಗ ಅವನ ಶಾಲೆಯ ಚೀಲದಲ್ಲಿ ಸದಾ ಇರಬೇಕಾದ ವಸ್ತು. ಅಮ್ಮ ಅದನ್ನು ಅಳೆದು ಮೂರು ಚಮಚದಂತೆ ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಇಟ್ಟಿದ್ದಾರೆ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಅವರ ಜನ್ಮದಿನ ನವೆಂಬರ್ 14, ಅದೇ ವಿಶ್ವ ಮಧುಮೇಹ ದಿನ. ನಮಗೆ ಮಕ್ಕಳ ದಿನಾಚರಣೆಯೂ ಅಂದೇ. ಆ ದಿನ ಶಾಲೆಗಳಲ್ಲಿ ಹತ್ತು ನಿಮಿಷ ಈ ಮಾತು ಆಡಿಸಿ.

ಶಾಲೆಗಳು ಮತ್ತೆ ಶುರುವಾಗಿವೆ, ಮಳೆ ಹಿಡಿದಿದೆ. ಜ್ವರದ ಚೀಟಿಗಳು ಮೇಜಿಗೆ ಬರತೊಡಗಿವೆ. ಕಳೆದ ವರ್ಷದಿಂದ ನಾನು ಗ್ಲೂಕೋಸ್ ಪುಡಿ ಕೇಳಿದ ಪ್ರತಿಯೊಬ್ಬರನ್ನೂ ಯಾರಿಗೆ, ಯಾಕೆ, ನೀರು ಎಷ್ಟು ಕುಡಿಯುತ್ತಾರೆ ಎಂದು ಕೇಳುತ್ತಿದ್ದೇನೆ. ಮಾರ್ಚ್‌ನಲ್ಲಿ ಹೀಗೆ ಕೇಳಿದಾಗ ಒಬ್ಬ ತಾಯಿ ಉತ್ತರಿಸಲು ತಡವರಿಸಿದರು. ಪುಡಿ ಕೊಡದೆ ನೇರ ಆಸ್ಪತ್ರೆಗೆ ಕಳುಹಿಸಿದೆ. 13 ವರ್ಷದ ಹುಡುಗಿ, ಸಕ್ಕರೆ 412. ವಾಂತಿ ಶುರುವಾಗುವ ಮೊದಲೇ ಸಿಕ್ಕಿಬಿಟ್ಟಿತು, ನಿಗಾ ಘಟಕಕ್ಕೆ ಹೋಗಬೇಕಾಗಲಿಲ್ಲ.

ಮೇಜಿನ ಮುಂಭಾಗಕ್ಕೆ ಕೈಬರಹದ ಒಂದು ಕಾಗದ ಅಂಟಿಸಿದ್ದೇನೆ. ಅದರಲ್ಲಿ ಇಷ್ಟೇ ಇದೆ: "ಜ್ವರ ಬಿಟ್ಟ ಮೇಲೆ ತುಂಬಾ ಬಾಯಾರಿಕೆಯೇ? ರಾತ್ರಿ ಮತ್ತೆ ಮತ್ತೆ ಮೂತ್ರವೇ? ಅಂಗಿ ಸಡಿಲವಾಗಿದೆಯೇ? ಗ್ಲೂಕೋಸ್ ಕೊಳ್ಳುವ ಮೊದಲು ಬೆರಳ ರಕ್ತ ಪರೀಕ್ಷೆ ಮಾಡಿಸಿ. ಇಂದೇ." ಎರಚಲಿಗೆ ಅದರ ಶಾಯಿ ಹರಡಿದೆ, ಒಂದು ಮೂಲೆ ಹರಿದಿದೆ. ನಿಮ್ಮ ಇಲಾಖೆಯ ಮುದ್ರೆಯಿರುವ ಕಾಗದ ಎರಡೂ ಜಿಲ್ಲೆಗಳ ಎಲ್ಲ ಔಷಧ ಅಂಗಡಿಗಳಿಗೆ, ಎಲ್ಲ ಅಂಗನವಾಡಿಗಳಿಗೆ ಬಂದ ದಿನ ನನ್ನದನ್ನು ತೆಗೆಯುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಬ್ರಹ್ಮಾವರ–ಹೆಬ್ರಿ ರಸ್ತೆಯ ಒಬ್ಬ ಔಷಧ ವ್ಯಾಪಾರಿ